ಬ್ಯಾಕಪ್ಪಿಗೆ ಬಾರದ ಬದಲಾವಣೆಗಳು

(ಒಬ್ಬರು ಬಂಟ್ವಾಳದಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಈಗ ಬೆಳ್ತಂಗಡಿ ತಾಲೂಕಿನ ತಮ್ಮ ಊರಿನ ಸಹಕಾರಿ ಸಂಘದಲ್ಲಿ ನಿರ್ದೇಶಕರು. ಇನ್ನೊಬ್ಬಳು ಅವರ ಹಳೆ ವಿದ್ಯಾರ್ಥಿನಿ, ಮೂಡುಬಿದಿರೆಯವಳು. ಡೇಟಾಬೇಸ್ ನೋಡಿಕೊಳ್ಳುವುದೇ ಅವಳ ಉದ್ಯೋಗ.)

ಮಾಸ್ಟ್ರು: ನಮ್ಮ ಸಂಘದಲ್ಲಿ ಹಳೆ ಸರ್ವರ್ ಬಿಟ್ಟು ಹೊಸದಕ್ಕೆ ಹೋದೆವು. ಸದಸ್ಯರ ಹೆಸರು, ಪಾಲು ಬಂಡವಾಳ, ಠೇವಣಿ, ಬೆಳೆಸಾಲ ಎಲ್ಲ ಬಂದಿದೆ. ಒಟ್ಟು ಮೊತ್ತ ನಾನೇ ಕೂತು ತಾಳೆ ನೋಡಿದೆ, ಒಂದು ರೂಪಾಯಿ ಆಚೀಚೆ ಇಲ್ಲ. ಆದರೆ ಬಡ್ಡಿಯ ವರದಿ ತೆಗೆಯಲಿಕ್ಕೆ ಹೋದರೆ ಬರುವುದೇ ಇಲ್ಲ. ಬ್ಯಾಕಪ್ ಸರಿ ಇತ್ತು ಅಂತ ಎಲ್ಲರೂ ಪ್ರಮಾಣ ಮಾಡಿ ಹೇಳ್ತಾರೆ. ಹಾಗಾದರೆ ಇದೆಂತ ಮಾರಾಯ್ತಿ?

ಶಿಷ್ಯೆ: ಅದಕ್ಕೆ ಮೊದಲು ಒಂದು ಹೇಳಿ ಸರ್. ಹಳೆ ಸರ್ವರ್ ಇನ್ನೂ ಉಂಟಾ?

ಮಾಸ್ಟ್ರು: ಕಚೇರಿಯ ಮೂಲೆಯಲ್ಲಿ ಉಂಟು. ಗುಜರಿಯವನಿಗೆ ಹೇಳಿ ಆಗಿದೆ, ಶನಿವಾರ ತಗೊಂಡು ಹೋಗ್ತಾನಂತೆ.

ಶಿಷ್ಯೆ: ಬೇಡ. ಈಗಲೇ ಕಾರ್ಯದರ್ಶಿಯವರಿಗೆ ಫೋನ್ ಮಾಡಿ, ಅದನ್ನು ಯಾರೂ ಮುಟ್ಟಬಾರದು ಅಂತ ಹೇಳಿ. ಮಾತು ಆಮೇಲೆ.

ಮಾಸ್ಟ್ರು: ...ಹೇಳಿದೆ. ಇಟ್ಟುಕೊಳ್ತಾರೆ. ಈಗ ಕಾರಣ ಹೇಳು.

ಶಿಷ್ಯೆ: ನಿಮ್ಮದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಅಂತ ನೆನಪು. ಯಾವ ಆವೃತ್ತಿ?

ಮಾಸ್ಟ್ರು: ಹಳೆಯದು 12, ಹೊಸದು 14. ಬರೆದಿಟ್ಟುಕೊಂಡು ಬಂದಿದ್ದೇನೆ. ತಪ್ಪು ಸಂದೇಶವನ್ನೂ ಬರೆದುಕೊಂಡಿದ್ದೇನೆ, ಬಡ್ಡಿ ಲೆಕ್ಕದ ಯಾವುದೋ ಫಂಕ್ಷನ್ ಇಲ್ಲವೇ ಇಲ್ಲ ಅಂತ ಹೇಳ್ತದೆ. ಹಳೆಯದರಲ್ಲಿ ಇತ್ತು, ದಿನವೂ ಓಡುತ್ತಿತ್ತು.

ಶಿಷ್ಯೆ: ಹಾಗಾದರೆ ಹೆಚ್ಚುಕಡಿಮೆ ಗೊತ್ತಾಯಿತು. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಡೇಟಾಬೇಸ್ ಮಾಡಿದ ಕೂಡಲೇ ನೀವು ಏನೂ ಹಾಕದಿದ್ದರೂ ಅದರೊಳಗೆ ಕೆಲವು ಸ್ಕೀಮಾಗಳು, ಅಂದರೆ ಕೋಣೆಗಳ ಹಾಗೆ, ಹುಟ್ಟಿಯೇ ಬರ್ತವೆ. ಪಿಜಿ ಕ್ಯಾಟಲಾಗ್ ಅಂತ ಒಂದು. ಯಾವ ಟೇಬಲ್ ಎಲ್ಲಿದೆ, ಯಾವ ಕಾಲಮ್ಮಿನ ಜಾತಿ ಎಂತದು, ಯಾವ ಫಂಕ್ಷನ್‌ಗಳು ಉಂಟು ಎನ್ನುವ ಲೆಕ್ಕ ಎಲ್ಲ ಅದರಲ್ಲಿ. ಅದೇ ಮಾಹಿತಿಯನ್ನು ಎಲ್ಲ ಡೇಟಾಬೇಸ್‌ಗಳಿಗೂ ಒಪ್ಪುವ ರೂಪದಲ್ಲಿ ತೋರಿಸಲಿಕ್ಕೆ ಇನ್‌ಫರ್ಮೇಶನ್ ಸ್ಕೀಮಾ. ಮತ್ತೆ ಪಬ್ಲಿಕ್ ಅಂತ ಒಂದು, ಸಾಮಾನ್ಯವಾಗಿ ಎಲ್ಲರೂ ತಮ್ಮ ಟೇಬಲ್ ಇಡುವುದು ಅದರಲ್ಲೇ.

ಮಾಸ್ಟ್ರು: ಕ್ಯಾಟಲಾಗ್ ಅಂದರೆ ಗ್ರಂಥಸೂಚಿ. ನಿಮ್ಮ ಊರಿನ ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಭಾರತೀಯ ಜ್ಞಾನಪೀಠದಿಂದ ಒಂದು ತಂದಿದ್ದರು, ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’. ಯಾವ ಓಲೆಗ್ರಂಥ ಎಲ್ಲಿ ಉಂಟು ಎನ್ನುವ ಪಟ್ಟಿ.

ಶಿಷ್ಯೆ: ಇದೂ ಅಂಥದ್ದೇ ಸೂಚಿ. ವ್ಯತ್ಯಾಸ ಏನಂದರೆ ಶಾಸ್ತ್ರಿಗಳ ಸೂಚಿಯನ್ನು ಯಾರಾದರೂ ಹರಿದರೆ ಗ್ರಂಥ ಉಳೀತದೆ. ಇಲ್ಲಿ ಸೂಚಿ ಕೆಟ್ಟರೆ ಗ್ರಂಥ ಓದಲಿಕ್ಕೇ ಆಗುವುದಿಲ್ಲ. ಆದ್ದರಿಂದ ಅದರ ಟೇಬಲ್‌ಗಳ ರಚನೆಯನ್ನು ಕೈಯಿಂದ ತಿದ್ದಲು ಸುಲಭಕ್ಕೆ ಬಿಡುವುದಿಲ್ಲ, ಒಂದು ಸೆಟ್ಟಿಂಗ್ ಬೇಕೆಂದೇ ತೆರೆಯಬೇಕು. ಆದರೆ ಪೂರ್ತಿ ಅಧಿಕಾರ ಇರುವ ಸೂಪರ್‌ಯೂಸರ್ ಆದವನು ಅದರೊಳಗೆ ತನ್ನದೊಂದು ಫಂಕ್ಷನ್ ಬರೆದು ಇಡಬಹುದು. ಅದಕ್ಕೆ ಅಡ್ಡಿ ಇಲ್ಲ. ನಿಮ್ಮ ಅಡ್ಮಿನ್ ಬಹುಶಃ ಬಡ್ಡಿಯ ಪೈಸೆ ದುಂಡು ಮಾಡುವ ಫಂಕ್ಷನ್ ಅಲ್ಲಿ ಇಟ್ಟಿದ್ದಾರೆ.

ಮಾಸ್ಟ್ರು: ಅಲ್ಲಿಯೇ ಯಾಕೆ?

ಶಿಷ್ಯೆ: ಯಾವ ಹೆಸರು ಕರೆದರೂ ಪೋಸ್ಟ್‌ಗ್ರೆಸ್ ಮೊದಲು ಹುಡುಕುವುದು ಪಿಜಿ ಕ್ಯಾಟಲಾಗಿನಲ್ಲಿ. ಅಲ್ಲಿ ಇಟ್ಟರೆ ಯಾವ ಪ್ರೋಗ್ರಾಂ ಎಲ್ಲಿಂದ ಕರೆದರೂ ಸಿಗ್ತದೆ, ದಾರಿ ಹೇಳಿಕೊಡಬೇಕು ಅಂತ ಇಲ್ಲ. ಅನುಕೂಲಕ್ಕೆ ಮಾಡಿದ್ದು. ದುರುದ್ದೇಶ ಖಂಡಿತ ಇಲ್ಲ. ಆದರೆ ಪಿಜಿ ಡಂಪ್ ಎನ್ನುವ ಬ್ಯಾಕಪ್ ಸಾಧನ ಪಿಜಿ ಕ್ಯಾಟಲಾಗಿನ ಒಳಗಿರುವ ಯಾವ ವಸ್ತುವನ್ನೂ ಬರೆದುಕೊಳ್ಳುವುದಿಲ್ಲ. ಹೊಸ ಕಡೆಯಲ್ಲೂ ಒಂದು ಪಿಜಿ ಕ್ಯಾಟಲಾಗ್ ಇದ್ದೇ ಇರ್ತದೆ, ಇದನ್ನು ಮತ್ತೆ ಯಾಕೆ ಹೊರುವುದು ಅಂತ ಅದರ ಲೆಕ್ಕ. ಅದರೊಳಗೆ ನಿಮ್ಮದು ಒಂದು ಉಂಟು ಅಂತ ಅದು ನೋಡಲಿಕ್ಕೆ ಹೋಗುವುದಿಲ್ಲ.

ಮಾಸ್ಟ್ರು: ಬಾಡಿಗೆ ಮನೆ ಬಿಡುವಾಗ ಪಾತ್ರೆ ಪಗಡೆ ಎಲ್ಲ ಲಾರಿಗೆ ಹಾಕ್ತೇವೆ, ನಾವೇ ಗೋಡೆಗೆ ಹಾಕಿಸಿದ ಕಪಾಟು ಅಲ್ಲೇ ಉಳೀತದೆ.

ಶಿಷ್ಯೆ: ಹೌದು. ಮತ್ತೆ ಹೊಸ ಮನೆಗೆ ಹೋದ ಮೇಲೆ ಆ ಕಪಾಟಿನಲ್ಲಿ ಇಡಬೇಕಾದ ಸಾಮಾನಿಗೆ ಜಾಗ ಇಲ್ಲ. ನಿಮ್ಮ ಬಡ್ಡಿ ವರದಿಯ ಹಿಂದೆ ಒಂದು ವ್ಯೂ, ಅಂದರೆ ಹೆಸರು ಕೊಟ್ಟು ಉಳಿಸಿದ ಪ್ರಶ್ನೆ, ಇದ್ದಿರಬೇಕು; ವರದಿಯೂ ಆ ವ್ಯೂವೂ ಎರಡೂ ಆ ಫಂಕ್ಷನ್ನನ್ನು ಕರೀತವೆ. ಅದರ ವ್ಯಾಖ್ಯೆ ಡಂಪಿನಲ್ಲಿ ಇತ್ತು. ರಿಸ್ಟೋರ್ ಮಾಡುವಾಗ ಆ ವ್ಯೂ ಕಟ್ಟಲಿಕ್ಕೆ ಹೋಗಿದೆ, ಫಂಕ್ಷನ್ ಸಿಗಲಿಲ್ಲ, ಅದೊಂದನ್ನು ಬಿಟ್ಟು ಮುಂದಕ್ಕೆ ಹೋಗಿದೆ.

ಮಾಸ್ಟ್ರು: ತಪ್ಪು ಬಂದ ಮೇಲೂ ಮುಂದಕ್ಕೆ ಹೋಗ್ತದಾ? ಅಲ್ಲಿಗೇ ನಿಲ್ಲಬೇಕಲ್ಲ.

ಶಿಷ್ಯೆ: ನಿಲ್ಲಿಸಬೇಕು ಅಂತ ನಾವು ಹೇಳಿದರೆ ಮಾತ್ರ ನಿಲ್ತದೆ. ಹೇಳದಿದ್ದರೆ ತಪ್ಪನ್ನು ಪರದೆಗೆ ಬರೆದು ಮುಂದಿನ ಸಾಲು. ಇದಕ್ಕೆ ಇನ್ನೊಂದು ಸಂಗತಿ ಸೇರಿಕೊಂಡಿರ್ತದೆ ಸರ್. ಪಿಜಿ ಡಂಪ್ ಒಂದು ಡೇಟಾಬೇಸನ್ನು ಮಾತ್ರ ಬರೆಯುವುದು. ಬಳಕೆದಾರರು, ಅವರ ಪಾಸ್‌ವರ್ಡ್, ಯಾರು ಯಾವ ಗುಂಪಿನವರು, ಇದೆಲ್ಲ ಇಡೀ ಸರ್ವರಿಗೆ ಸೇರಿದ್ದು, ಅದರಲ್ಲಿ ಬರುವುದಿಲ್ಲ. ಪಿಜಿ ಡಂಪ್ ಆಲ್ ಅಂತ ಬೇರೆ ಸಾಧನದಿಂದ ತೆಗೆಯಬೇಕು. ನಿಮ್ಮವರು ಅದನ್ನು ತೆಗೆಯದೆ ಬಳಕೆದಾರರನ್ನು ಆಮೇಲೆ ಕೈಯಿಂದ ಸೃಷ್ಟಿಸಿದ್ದರೆ, ರಿಸ್ಟೋರ್ ಮಾಡುವಾಗ ‘ಇಂಥ ಬಳಕೆದಾರ ಇಲ್ಲ’ ಅಂತ ಪುಟಗಟ್ಟಲೆ ಓಡಿರ್ತದೆ. ಅದು ಗೊತ್ತಿದ್ದ ತಪ್ಪು ಅಂತ ಅವರು ನೋಡಲಿಲ್ಲ. ಅದರ ನಡುವೆ ಈ ಒಂದು ಸಾಲು ಮುಚ್ಚಿಹೋಗಿದೆ.

ಮಾಸ್ಟ್ರು: ಹಾಗಾದರೆ ಮೊತ್ತ ತಾಳೆ ನೋಡಿದ್ದರಿಂದ ಎಂತ ಪ್ರಯೋಜನವೂ ಆಗಲಿಲ್ಲ.

ಶಿಷ್ಯೆ: ಅದು ಬೇಕಾದದ್ದೇ. ಆದರೆ ಅದು ದತ್ತಾಂಶವನ್ನು ಮಾತ್ರ ನೋಡ್ತದೆ. ನಿಯಮ ಬಂತಾ, ಬಾಗಿಲು ಹಾಕಿ ಉಂಟಾ ಎನ್ನುವುದನ್ನು ನೋಡುವುದಿಲ್ಲ. ಬಡ್ಡಿ ವರದಿ ನಿಂತಿತು, ಆದ್ದರಿಂದ ನಿಮಗೆ ಗೊತ್ತಾಯಿತು. ನನಗೆ ಹೆದರಿಕೆ ಅದರದ್ದಲ್ಲ. ನಿಮ್ಮ ಅಡ್ಮಿನ್ ಪಬ್ಲಿಕ್ ಸ್ಕೀಮಾದಲ್ಲಿ ಏನಾದರೂ ಮಾಡಿದ್ದಾರಾ, ಕೇಳಿದ್ದೀರಾ?

ಮಾಸ್ಟ್ರು: ಒಂದು ಹೇಳಿದ. ಭದ್ರತೆಗೆ ಅಂತ ಅದನ್ನು ಅಳಿಸಿ ಮತ್ತೆ ಹೊಸದಾಗಿ ಮಾಡಿದ್ದಾನಂತೆ, ಹಳೆ ಸರ್ವರಿನಲ್ಲಿ.

ಶಿಷ್ಯೆ: ಅಯ್ಯೋ. ಹಾಗಾದರೆ ಆ ಭದ್ರತೆ ಹೊಸ ಸರ್ವರಿನಲ್ಲಿ ಈಗ ಇಲ್ಲ.

ಮಾಸ್ಟ್ರು: ಬಿಡಿಸಿ ಹೇಳು.

ಶಿಷ್ಯೆ: ಪೋಸ್ಟ್‌ಗ್ರೆಸ್‌ಗೆ ಸ್ಕೀಮಾಗಳು ಬಂದದ್ದು 2002ರ 7.3 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಎಲ್ಲವೂ ಒಂದೇ ರಾಶಿ. ಹಳೆ ಪ್ರೋಗ್ರಾಂಗಳು ಕೆಡಬಾರದು ಅಂತ ಪಬ್ಲಿಕ್ ಎನ್ನುವ ಸ್ಕೀಮಾ ಇಟ್ಟು, ಡೇಟಾಬೇಸಿಗೆ ಬರಬಲ್ಲ ಯಾರು ಬೇಕಾದರೂ ಅದರಲ್ಲಿ ತಮ್ಮ ಟೇಬಲ್, ಫಂಕ್ಷನ್ ಮಾಡಬಹುದು ಅಂತ ಅನುಮತಿ ಕೊಟ್ಟರು. ಇಪ್ಪತ್ತು ವರ್ಷ ಅದು ಹಾಗೇ ಇತ್ತು. ಇದರ ಅಪಾಯ 2018ರಲ್ಲಿ ದೊಡ್ಡ ಸುದ್ದಿ ಆಯಿತು. ಸಾಮಾನ್ಯ ಬಳಕೆದಾರನೊಬ್ಬ ಪಬ್ಲಿಕ್‌ನಲ್ಲಿ, ಮೂಲದ ಫಂಕ್ಷನ್ ಒಂದರ ಹೆಸರನ್ನೇ ಇಟ್ಟು ತನ್ನ ಫಂಕ್ಷನ್ ಮಾಡಬಹುದು. ಕರೆಯುವಾಗ ಕೊಡುವ ದತ್ತಾಂಶದ ಜಾತಿಗೆ ಅದು ಇನ್ನೂ ಸರಿಯಾಗಿ ಹೊಂದಿದರೆ, ಅಡ್ಮಿನ್ ತನ್ನ ಅಧಿಕಾರದಲ್ಲಿ ಅದನ್ನೇ ಗೊತ್ತಿಲ್ಲದೆ ಓಡಿಸಿಬಿಡ್ತಾನೆ. ರಾತ್ರಿ ಬ್ಯಾಕಪ್ ತೆಗೆಯುವ ಪಿಜಿ ಡಂಪ್ ಕೂಡ ಸೂಪರ್‌ಯೂಸರ್ ಆಗಿ ಓಡುವಂಥದ್ದು, ಅದಕ್ಕೂ ಇದೇ ಅಪಾಯ ಇತ್ತು. ಆ ವರ್ಷ ಮಾರ್ಚಿನಲ್ಲಿ ಅದನ್ನು ತಿದ್ದಿದರು, ಎಲ್ಲ ಅಡ್ಮಿನ್‌ಗಳಿಗೂ ಪಬ್ಲಿಕ್‌ನ ಬಾಗಿಲು ಹಾಕಿಕೊಳ್ಳಿ ಅಂತ ಸಲಹೆ ಕೊಟ್ಟರು. ನಿಮ್ಮವರು ಮಾಡಿದ್ದು ಅದನ್ನೇ. ಸರಿಯಾದ ಕೆಲಸ.

ಮಾಸ್ಟ್ರು: ಮತ್ತೆ?

ಶಿಷ್ಯೆ: ಮಾಡಿದ ರೀತಿಯಲ್ಲಿ ತೊಂದರೆ. ಇದ್ದ ಪಬ್ಲಿಕ್ ಸ್ಕೀಮಾದ ಅನುಮತಿಯನ್ನು ಹಿಂದಕ್ಕೆ ಪಡೆದಿದ್ದರೆ, ಆ ಬದಲಾವಣೆ ಡಂಪಿನಲ್ಲಿ ಒಂದು ಸಾಲಾಗಿ ಬರ್ತಿತ್ತು. ಅವರು ಅಳಿಸಿ ಹೊಸದು ಮಾಡಿದರು. ಹೊಸದಾಗಿ ಮಾಡಿದ ಸ್ಕೀಮಾಕ್ಕೆ ಹುಟ್ಟಿನಿಂದಲೇ ಎಲ್ಲರಿಗೂ ಅನುಮತಿ ಇರುವುದಿಲ್ಲ, ಮಾಡಿದವನಿಗೆ ಮಾತ್ರ. ಪಿಜಿ ಡಂಪ್ ಅದನ್ನು ನೋಡಿ ಇಲ್ಲಿ ಯಾರೂ ಏನೂ ಬದಲಿಸಿದ್ದಿಲ್ಲ ಅಂತ ತಿಳಿದು ಏನೂ ಬರೆಯಲಿಲ್ಲ. ಅತ್ತ ಹೊಸ ಸರ್ವರಿನಲ್ಲಿ ಕಾರ್ಖಾನೆಯಿಂದ ಬಂದ ಪಬ್ಲಿಕ್ ಇತ್ತು, ಬಾಗಿಲು ಪೂರ್ತಿ ತೆರೆದದ್ದು. ಅದರೊಳಗೆ ನಿಮ್ಮ ಟೇಬಲ್‌ಗಳು ಬಂದು ಕೂತವು.

ಮಾಸ್ಟ್ರು: ಪೂರ್ತಿ ಅಳಿಸಿ ಹಾಗೇ ಬಿಟ್ಟಿದ್ದರೆ?

ಶಿಷ್ಯೆ: ಆಗಲೂ ಹೊಸ ಕಡೆ ಮತ್ತೆ ಹುಟ್ಟಿಕೊಳ್ತದೆ. ಇರುವುದನ್ನು ಡಂಪ್ ಬರೆಯಬಲ್ಲದು, ಇಲ್ಲದಿರುವುದನ್ನು ಬರೆಯುವುದಿಲ್ಲ.

ಮಾಸ್ಟ್ರು: ಇದು ಸಾಧನ ಮಾಡಿದವರ ತಪ್ಪಲ್ಲವಾ?

ಶಿಷ್ಯೆ: ಅವರೂ ಒಪ್ಪಿದರು ಅಂತಲೇ ಹೇಳಬೇಕು. 2022ರ ಅಕ್ಟೋಬರಿನಲ್ಲಿ ಬಂದ 15ನೇ ಆವೃತ್ತಿಯಲ್ಲಿ ನೋವಾ ಮಿಶ್ ಎನ್ನುವವರು ಇದನ್ನು ತಿದ್ದಿದ್ದಾರೆ. ಪಬ್ಲಿಕ್‌ನ ಯಜಮಾನ ಬದಲಾಗಿದ್ದರೆ ಅದು ಡಂಪಿಗೆ ಬರ್ತದೆ. ಅಳಿಸಿ ಮತ್ತೆ ಮಾಡಿದ ಸ್ಕೀಮಾದ ಅನುಮತಿಯೂ ಸರಿಯಾಗಿ ಬರ್ತದೆ. ಪಬ್ಲಿಕ್ ಅತ್ತ ಪೂರ್ತಿ ವ್ಯವಸ್ಥೆಯದ್ದೂ ಅಲ್ಲ, ಇತ್ತ ಪೂರ್ತಿ ಬಳಕೆದಾರರದ್ದೂ ಅಲ್ಲ ಅಂತ ಆ ಪ್ರೋಗ್ರಾಮಿನ ಒಳಗೇ ಟಿಪ್ಪಣಿ ಉಂಟು. ಅದೇ ಆವೃತ್ತಿಯಿಂದ ಹೊಸ ಡೇಟಾಬೇಸಿನಲ್ಲಿ ಎಲ್ಲರಿಗೂ ಟೇಬಲ್ ಮಾಡುವ ಅನುಮತಿಯೇ ಇಲ್ಲ. ನೀವು ಹೋದದ್ದು 14ಕ್ಕೆ. ಅದಕ್ಕೆ ಈ ಎರಡೂ ಸಿಗಲಿಲ್ಲ.

ಮಾಸ್ಟ್ರು: ನಿನ್ನ ಊರಿನ ಧವಲಾ ಗ್ರಂಥದ ಕತೆ ನೆನಪಾಗ್ತದೆ. ಜೈನ ಸಿದ್ಧಾಂತದ ಸೂತ್ರಗಳಿಗೆ ವೀರಸೇನರು ಬರೆದ ಟೀಕೆ. ಲೋಕದಲ್ಲಿ ಎಲ್ಲೂ ಇಲ್ಲದೆ ಮೂಡುಬಿದಿರೆಯ ಗುರು ಬಸದಿಯಲ್ಲಿ ಮಾತ್ರ ಉಳಿದದ್ದು, ಹಳಗನ್ನಡ ಲಿಪಿಯ ಓಲೆಗಳಲ್ಲಿ. ಶತಮಾನಗಳ ಕಾಲ ಅದು ದರ್ಶನಕ್ಕೆ ಇತ್ತು, ಓದಲಿಕ್ಕೆ ಇರಲಿಲ್ಲ. ಅದರ ಜೊತೆಗಿದ್ದ ಸಿದ್ಧಾಂತ ಗ್ರಂಥಗಳನ್ನೂ ಸೇರಿಸಿ 1896ರಲ್ಲಿ ನಕಲು ಮಾಡಲಿಕ್ಕೆ ಶುರು ಮಾಡಿದವರು ಮುಗಿಸುವಾಗ 1922. ನಾಗರಿಯಲ್ಲಿ ಒಂದು, ಕನ್ನಡದಲ್ಲಿ ಒಂದು.

ಶಿಷ್ಯೆ: ಗುಟ್ಟಾಗಿ ಮಾಡಿದ ನಕಲೂ ಒಂದು ಉಂಟಲ್ಲ ಸರ್. ಲಿಪಿಕಾರರಲ್ಲಿ ಒಬ್ಬರಾದ ಗಜಪತಿ ಶಾಸ್ತ್ರಿಗಳು ಮನೆಯಲ್ಲಿ ತಮಗೆ ಅಂತ ಕನ್ನಡದಲ್ಲಿ ಒಂದು ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರಕ್ಕೆ ಹೋಯಿತು. ಉಳಿದ ಊರುಗಳಿಗೆ ಹಬ್ಬಿದ್ದು ಅದರಿಂದ.

ಮಾಸ್ಟ್ರು: ಹೌದು. 1939ರಲ್ಲಿ ಹೀರಾಲಾಲ್ ಜೈನ್ ಅಮರಾವತಿಯಿಂದ ಮೊದಲ ಸಂಪುಟ ಅಚ್ಚು ಮಾಡುವಾಗ ಅವರ ಕೈಯಲ್ಲಿ ಇದ್ದದ್ದು ಹೀಗೆ ನಕಲಿನ ನಕಲು. ತೊಂಬತ್ತಮೂರನೇ ಸೂತ್ರದಲ್ಲಿ ಒಂದು ಪದ ಬಿಟ್ಟುಹೋಗಿರಬೇಕು ಅಂತ ಸಂಪಾದಕರಿಗೆ ಅರ್ಥದ ಮೇಲಿನಿಂದ ಸಂಶಯ ಬಂತು, ಅಡಿಟಿಪ್ಪಣಿ ಹಾಕಿದರು. ಅದರ ಮೇಲೆ ದೊಡ್ಡ ವಾದ ನಡೆಯಿತು, ಯಾಕೆಂದರೆ ಸ್ತ್ರೀಯರ ಮೋಕ್ಷದ ಪ್ರಶ್ನೆ ಆ ಪದದ ಮೇಲೆ ನಿಂತಿತ್ತು. ಆಮೇಲೆ ಮೂಡುಬಿದಿರೆಯ ಓಲೆ ತೆಗೆದು ನೋಡಿದರೆ ಆ ಪದ ಅಲ್ಲಿ ಇತ್ತು.

ಶಿಷ್ಯೆ: ಅಲ್ಲಿ ಓಲೆ ಉಳಿದಿತ್ತು ಸರ್. ನಿಮ್ಮಲ್ಲಿ ಶನಿವಾರ ಗುಜರಿಗೆ ಹೋಗ್ತಿತ್ತು. ನಾನು ಮೊದಲು ಅದನ್ನೇ ಕೇಳಿದ್ದು ಅದಕ್ಕೆ. ಆ ಫಂಕ್ಷನ್‌ನ ಒಳಗೆ ಎಂತ ಬರೆದಿತ್ತು, ಐವತ್ತು ಪೈಸೆಯನ್ನು ಮೇಲಕ್ಕೆ ಹಾಕ್ತಿತ್ತಾ ಕೆಳಗೆ ಬಿಡ್ತಿತ್ತಾ, ಅದಕ್ಕೆ ಈಗ ಇರುವ ಒಂದೇ ಪ್ರತಿ ಆ ಮೂಲೆಯ ಸರ್ವರಿನಲ್ಲಿ. ಇಷ್ಟು ವರ್ಷ ರೈತರ ಪಾಸ್‌ಬುಕ್ಕಿಗೆ ಬಡ್ಡಿ ಬರೆದದ್ದು ಅದರ ಲೆಕ್ಕದಲ್ಲಿ. ಹೊಸದಾಗಿ ಅಂದಾಜಿಗೆ ಬರೆದರೆ ಹಳೆ ವರ್ಷದ ಲೆಕ್ಕಕ್ಕೂ ಹೊಸದಕ್ಕೂ ತಾಳೆ ಆಗುವುದಿಲ್ಲ.

ಮಾಸ್ಟ್ರು: ಅದನ್ನು ಹುಡುಕುವುದು ಹೇಗೆ? ಪಿಜಿ ಕ್ಯಾಟಲಾಗಿನಲ್ಲಿ ಸಾವಿರಾರು ಫಂಕ್ಷನ್ ಇರ್ತದಲ್ಲ.

ಶಿಷ್ಯೆ: ಸುಲಭ ಉಂಟು. ಪೋಸ್ಟ್‌ಗ್ರೆಸ್ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಕೊಡ್ತದೆ. ಹುಟ್ಟಿನಿಂದ ಬಂದವುಗಳ ಸಂಖ್ಯೆ ಎಲ್ಲ 16384ಕ್ಕಿಂತ ಕೆಳಗೆ. ಆಮೇಲೆ ಮನುಷ್ಯರು ಮಾಡಿದ್ದು ಅಲ್ಲಿಂದ ಮೇಲೆ. ಪಿಜಿ ಕ್ಯಾಟಲಾಗ್ ಮತ್ತೆ ಇನ್‌ಫರ್ಮೇಶನ್ ಸ್ಕೀಮಾದ ಒಳಗೆ 16384 ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಯದ್ದು ಎಂತ ಉಂಟು ಅಂತ ಒಂದು ಪ್ರಶ್ನೆ ಕೇಳಿದರೆ, ಯಾರೋ ಒಳಗೆ ತಂದಿಟ್ಟದ್ದು ಎಲ್ಲ ಹೊರಗೆ ಬೀಳ್ತದೆ. ನಾನು ಯಾವ ಹೊಸ ಕಡೆ ಹೋದರೂ ಮೊದಲು ಓಡಿಸುವುದು ಅದನ್ನೇ.

ಮಾಸ್ಟ್ರು: ಹದಿನಾಲ್ಕನೇ ಘಾತ. ಎರಡರದ್ದು.

ಶಿಷ್ಯೆ: ನೀವು ಹೇಳದೆ ಬಿಡುವುದಿಲ್ಲ ಅಂತ ಗೊತ್ತಿತ್ತು ಸರ್.

ಮಾಸ್ಟ್ರು: ಇಷ್ಟೆಲ್ಲ ಯಾಕೆ? ಇಡೀ ಡಿಸ್ಕನ್ನೇ ಹಾಗೆ ಪ್ರತಿ ತೆಗೆದರೆ ಬಿಟ್ಟುಹೋಗುವ ಮಾತೇ ಇಲ್ಲವಲ್ಲ.

ಶಿಷ್ಯೆ: ಆ ರೀತಿಯೂ ಉಂಟು. ಪಿಜಿ ಬೇಸ್‌ಬ್ಯಾಕಪ್ ಅಂತ, 2011ರ 9.1ರಿಂದ ಬಂದದ್ದು. ಅದು ಫೈಲುಗಳನ್ನೇ ಎತ್ತಿಕೊಂಡು ಹೋಗ್ತದೆ. ಕ್ಯಾಟಲಾಗ್, ಅದರೊಳಗೆ ಇಟ್ಟದ್ದು, ಬಳಕೆದಾರರು, ಎಲ್ಲ. ದಿನದ ಬ್ಯಾಕಪ್ಪಿಗೆ ನಾನು ಅದನ್ನೇ ಹೇಳುವುದು. ಆದರೆ 12ರಲ್ಲಿ ತೆಗೆದ ಪ್ರತಿ 12ರಲ್ಲೇ ಓಡಬೇಕು, 14ರಲ್ಲಿ ಏಳುವುದಿಲ್ಲ. ಆವೃತ್ತಿ ದಾಟುವ ದಿನ ಡಂಪ್ ಬೇಕೇ ಬೇಕು. ಪಿಜಿ ಅಪ್‌ಗ್ರೇಡ್ ಎನ್ನುವ ಸಾಧನ ಕೂಡ ಒಳಗೆ ಸ್ಕೀಮಾ ಬರೆದುಕೊಳ್ಳುವುದು ಪಿಜಿ ಡಂಪಿನಿಂದಲೇ. ಅಂದರೆ ವರ್ಷಗಟ್ಟಲೆ ಸುರಕ್ಷಿತವಾಗಿ ಇದ್ದ ಕಪಾಟು ಆ ಒಂದು ದಿನ ಬಿಟ್ಟುಹೋಗ್ತದೆ. ಐದು ವರ್ಷಕ್ಕೆ ಒಮ್ಮೆಯಾದರೂ ಆ ದಿನ ಬರ್ತದೆ, ಯಾಕೆಂದರೆ ಒಂದು ಆವೃತ್ತಿಗೆ ತಿದ್ದುಪಡಿ ಕೊಡುವುದು ಐದು ವರ್ಷ ಮಾತ್ರ.

ಮಾಸ್ಟ್ರು: ಪ್ರತಿ ಇಡುವ ಜಾಗದ ಬಗ್ಗೆ ನಮ್ಮ ಆಡಳಿತ ಮಂಡಳಿಗೆ ನಾನು ಹೇಳಿದ್ದು ಮಾತ್ರ ಕೇಳಿದ್ದಾರೆ. ಬಂಟ್ವಾಳದಲ್ಲಿ 1923ರ ನೆರೆ, 1974ರ ನೆರೆ ಅಂದರೆ ಈಗಲೂ ಜನ ಗೋಡೆ ತೋರಿಸಿ ಇಲ್ಲಿವರೆಗೆ ನೀರು ಅಂತಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಚಾರ್ಮಾಡಿ, ದಿಡುಪೆ ಕಡೆ ಗುಡ್ಡವೇ ಜಾರಿ ಬಂತು. ಒಂದು ಪ್ರತಿ ಘಟ್ಟದ ಮೇಲೆ ಇರಲಿ ಅಂತ ಬೆಂಗಳೂರಿಗೆ ಕಳಿಸ್ತಾ ಇದ್ದೇವೆ.

ಶಿಷ್ಯೆ: ತುಂಬಾ ಒಳ್ಳೆಯದು. ಆದರೆ ಏನೋ ಬಿಟ್ಟುಹೋಗಿರುವ ಪ್ರತಿಯನ್ನು ಎರಡು ಊರಿನಲ್ಲಿ ಇಟ್ಟರೆ ಎರಡು ಊರಿನಲ್ಲೂ ಅದು ಇಲ್ಲ.

ಮಾಸ್ಟ್ರು: ಅನುಮತಿಯ ವಿಷಯ ಇನ್ನೊಮ್ಮೆ ಹೇಳು. ಪಿಜಿ ಕ್ಯಾಟಲಾಗಿನ ಒಳಗಿನದ್ದು ಯಾವುದೂ ಬರುವುದಿಲ್ಲ ಅಂದೆ. ಅಲ್ಲಿನ ಮೂಲ ಫಂಕ್ಷನ್ ಒಂದನ್ನು ಯಾರು ಓಡಿಸಬಹುದು ಅಂತ ಬದಲಿಸಿದರೆ, ಅದೂ ಹೋಗ್ತದಾ?

ಶಿಷ್ಯೆ: ಮೊದಲು ಹೋಗ್ತಿತ್ತು. 2016ರ 9.6ರಿಂದ ಬರ್ತದೆ. ಹುಟ್ಟಿನಿಂದ ಯಾವುದಕ್ಕೆ ಯಾವ ಅನುಮತಿ ಇತ್ತು ಎನ್ನುವುದನ್ನು ಬರೆದಿಡಲಿಕ್ಕೆ ಕ್ಯಾಟಲಾಗಿನಲ್ಲಿಯೇ ಒಂದು ಹೊಸ ಟೇಬಲ್ ಮಾಡಿದರು. ಡಂಪ್ ಮಾಡುವಾಗ ಅದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಮಾತ್ರ ಬರೀತದೆ. ಒಳ್ಳೆಯ ಉಪಾಯ. ಇನ್‌ಫರ್ಮೇಶನ್ ಸ್ಕೀಮಾದಲ್ಲಿ ಮಾಡಿದ ಬದಲಾವಣೆ ಮಾತ್ರ ಇವತ್ತಿಗೂ ಬರುವುದಿಲ್ಲ. ಮತ್ತೆ ಬಂದರೂ ತೊಂದರೆ ಆಗುವ ಜಾಗ ಒಂದು ಉಂಟು, ಅದು ನಿಮಗೆ ಮುಂದಿನ ಸಲ ಸಿಗ್ತದೆ.

ಮಾಸ್ಟ್ರು: ಎಂತದು?

ಶಿಷ್ಯೆ: ಬ್ಯಾಕಪ್ ತೆಗೆಯುವ ಬಳಕೆದಾರನಿಗೆ ಪೂರ್ತಿ ಅಧಿಕಾರ ಕೊಡುವುದು ಬೇಡ ಅಂತ, ಬ್ಯಾಕಪ್ ಶುರು ಮಾಡುವ ಮತ್ತೆ ನಿಲ್ಲಿಸುವ ಎರಡು ಮೂಲ ಫಂಕ್ಷನ್‌ಗಳ ಅನುಮತಿ ಮಾತ್ರ ಕೊಡುವ ಪದ್ಧತಿ ಉಂಟು. ಪಿಜಿ ಸ್ಟಾರ್ಟ್ ಬ್ಯಾಕಪ್, ಪಿಜಿ ಸ್ಟಾಪ್ ಬ್ಯಾಕಪ್. 15ರಲ್ಲಿ ಅವುಗಳ ಹೆಸರು ಬದಲಾಯಿತು, ಪಿಜಿ ಬ್ಯಾಕಪ್ ಸ್ಟಾರ್ಟ್, ಪಿಜಿ ಬ್ಯಾಕಪ್ ಸ್ಟಾಪ್ ಅಂತ. 14ರ ಡಂಪಿನಲ್ಲಿ ಹಳೆ ಹೆಸರಿಗೆ ಅನುಮತಿ ಕೊಡುವ ಸಾಲು ಇರ್ತದೆ. 15ರಲ್ಲಿ ಆ ಹೆಸರೇ ಇಲ್ಲ. ಪಿಜಿ ಅಪ್‌ಗ್ರೇಡ್ ಅಲ್ಲಿಗೇ ನಿಲ್ತದೆ. ಬೇರೆ ರೀತಿಯಲ್ಲಿ ರಿಸ್ಟೋರ್ ಮಾಡಿದರೆ ಆ ಸಾಲು ಬಿಟ್ಟು ಮುಂದೆ ಹೋಗ್ತದೆ, ಮರುದಿನ ರಾತ್ರಿ ಬ್ಯಾಕಪ್ ಆಗುವುದಿಲ್ಲ. ಆ ದಿನ ಯಾರೂ ನೋಡುವುದಿಲ್ಲ, ಸ್ಥಳಾಂತರ ಆಯಿತು ಅಂತ ಎಲ್ಲರೂ ನಿದ್ದೆ ಮಾಡ್ತಿರ್ತಾರೆ.

ಮಾಸ್ಟ್ರು: ಬೇರೆ ಕಂಪನಿಯ ಡೇಟಾಬೇಸ್ ಆದರೆ ಈ ಗೋಳು ಇಲ್ಲವಾ?

ಶಿಷ್ಯೆ: ಎಲ್ಲದರಲ್ಲೂ ಇದರ ಅಣ್ಣತಮ್ಮಂದಿರು ಉಂಟು. ಒರಾಕಲ್‌ನಲ್ಲಿ ಸಿಸ್ ಎನ್ನುವ ಮೂಲ ಸ್ಕೀಮಾದ ವಸ್ತುಗಳ ಮೇಲೆ ಕೊಟ್ಟ ಅನುಮತಿ ಎಕ್ಸ್‌ಪೋರ್ಟಿಗೆ ಯಾವತ್ತೂ ಬರುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಲಾಗಿನ್‌ಗಳು ಮಾಸ್ಟರ್ ಎನ್ನುವ ಡೇಟಾಬೇಸಿನಲ್ಲಿ, ನಿಮ್ಮ ಡೇಟಾಬೇಸ್ ಒಂದನ್ನೇ ಎತ್ತಿಕೊಂಡು ಹೋದರೆ ಬಳಕೆದಾರರು ಅನಾಥರು. ಮೈಎಸ್‌ಕ್ಯೂಎಲ್‌ನ ಡಂಪಿಗೆ ಎಲ್ಲ ಡೇಟಾಬೇಸ್ ತೆಗಿ ಅಂತ ಹೇಳಿದರೂ ಸಿಸ್ ಸ್ಕೀಮಾ ಬಿಡ್ತದೆ.

ಮಾಸ್ಟ್ರು: ನಾನು ಮುಂದಿನ ಸಭೆಯಲ್ಲಿ ಒಂದು ನಿರ್ಣಯ ತರ್ತೇನೆ. ಮೂಲದಿಂದ ಬಂದ ಯಾವುದನ್ನೂ ಅಡ್ಮಿನ್ ಮುಟ್ಟಬಾರದು ಅಂತ.

ಶಿಷ್ಯೆ: ಹಾಗೆ ಬರೆಯಬೇಡಿ ಸರ್. ಪಬ್ಲಿಕ್‌ನ ಬಾಗಿಲು ಹಾಕಿದ್ದು ಸರಿ. ಮುಟ್ಟಬಾರದು ಅಂದರೆ ಮುಂದೆ ಬರುವವನು ಬಾಗಿಲು ತೆರೆದೇ ಇಡ್ತಾನೆ. ಸಂಘದ್ದು ಅಂತ ಬೇರೆಯೇ ಒಂದು ಸ್ಕೀಮಾ ಇರಲಿ, ಬಡ್ಡಿಯ ಫಂಕ್ಷನ್ ಅದಕ್ಕೆ ಬರಲಿ, ಹೊಸ ಟೇಬಲ್ ಎಲ್ಲ ಅದರಲ್ಲಿ. ಹುಡುಕುವ ದಾರಿಯಲ್ಲಿ ಅದರ ಹೆಸರು ಮೊದಲು ಹಾಕಿದರೆ ಅನುಕೂಲ ತಪ್ಪುವುದಿಲ್ಲ. ಅಲ್ಲಿಯೂ ಒಂದು ಎಚ್ಚರ ಬೇಕು. ಆ ದಾರಿಯನ್ನು ಡೇಟಾಬೇಸಿನ ಮಟ್ಟದಲ್ಲಿ ಹಾಕಿದರೆ, ಡಂಪ್ ತೆಗೆಯುವಾಗ ಡೇಟಾಬೇಸನ್ನೂ ಸೃಷ್ಟಿಸು ಎನ್ನುವ ಆಯ್ಕೆ ಕೊಟ್ಟರೆ ಮಾತ್ರ ಅದು ಬರ್ತದೆ. ಇನ್ನು ಮೂಲದ್ದರಲ್ಲಿ ಮಾಡಲೇಬೇಕಾದ ಬದಲಾವಣೆ ಯಾವುದಿದ್ದರೂ ಒಂದು ಫೈಲಿನಲ್ಲಿ ಆಜ್ಞೆಯಾಗಿಯೇ ಬರೆದಿಡಲಿ, ಯಾವ ದಿನ, ಯಾಕೆ ಅಂತ ಮೇಲೆ ಒಂದು ಸಾಲು. ಬ್ಯಾಕಪ್ ಹೋಗುವಲ್ಲಿಗೆ ಆ ಫೈಲೂ ಹೋಗಲಿ.

ಮಾಸ್ಟ್ರು: ಬರೆದಿಟ್ಟದ್ದನ್ನು ಯಾರು ನೋಡ್ತಾರೆ?

ಶಿಷ್ಯೆ: ಅದಕ್ಕೇ ನಿರ್ಣಯದಲ್ಲಿ ಇದನ್ನು ಹಾಕಿ. ಮೂರು ತಿಂಗಳಿಗೊಮ್ಮೆ ಒಂದು ಖಾಲಿ ಕಂಪ್ಯೂಟರಿನಲ್ಲಿ, ಹೊಸದಾಗಿ ಪೋಸ್ಟ್‌ಗ್ರೆಸ್ ಹಾಕಿ, ಆ ಬ್ಯಾಕಪ್ಪಿನಿಂದ ಮತ್ತೆ ಆ ಫೈಲಿನಿಂದ ಮಾತ್ರ ಎಲ್ಲವನ್ನೂ ಎಬ್ಬಿಸಬೇಕು. ಮೊದಲ ತಪ್ಪಿಗೇ ನಿಲ್ಲುವ ಹಾಗೆ ಓಡಿಸಬೇಕು. ಆಮೇಲೆ ಬಡ್ಡಿ ವರದಿ ತೆಗೆಯಬೇಕು, ಮತ್ತೆ ಸಾಮಾನ್ಯ ಗುಮಾಸ್ತರ ಲಾಗಿನ್‌ನಿಂದ ಪಬ್ಲಿಕ್‌ನಲ್ಲಿ ಒಂದು ಟೇಬಲ್ ಮಾಡಲಿಕ್ಕೆ ನೋಡಬೇಕು. ಆಗಬಾರದು. ಆಯಿತು ಅಂದರೆ ಬಾಗಿಲು ತೆರೆದುಂಟು ಅಂತ ಲೆಕ್ಕ.

ಮಾಸ್ಟ್ರು: ಆಗಬಾರದ್ದು ಆಗುವುದಿಲ್ಲ ಅಂತ ನೋಡುವುದು. ಇದು ಲೆಕ್ಕಪರಿಶೋಧಕರೂ ಕೇಳುವುದಿಲ್ಲ.

ಶಿಷ್ಯೆ: ಕೇಳಬೇಕು ಸರ್. ಸಾಲದ ಕಡತ ಕೇಳುವ ಹಾಗೆ ಇದನ್ನೂ ಕೇಳಬೇಕು. ಸದಸ್ಯನ ಠೇವಣಿ ಯಾವ ನಿಯಮದಲ್ಲಿ ಬೆಳೀತದೆ, ಅದನ್ನು ಯಾರು ಮುಟ್ಟಬಹುದು ಎನ್ನುವುದೂ ಆ ಸದಸ್ಯನ ಆಸ್ತಿಯೇ.

ಮಾಸ್ಟ್ರು: ಶನಿವಾರ ಗುಜರಿಯವನ ಬದಲು ನೀನು ಬಾ. ಹಳೆ ಸರ್ವರ್ ನನ್ನ ಎದುರೇ ಚಾಲೂ ಮಾಡುವ.

ಶಿಷ್ಯೆ: ಬರ್ತೇನೆ. ಅಡ್ಮಿನ್‌ರನ್ನೂ ಕರೆಯಿರಿ, ಅವರು ಇರಲೇಬೇಕು. ಚಾಲೂ ಮಾಡಿದ ಕೂಡಲೇ ಮೊದಲು ಇಡೀ ಡಿಸ್ಕಿನ ಪ್ರತಿ, ಆಮೇಲೆ 16384ರ ಪ್ರಶ್ನೆ. ಹೊಸ ಸರ್ವರಿನ ಪಬ್ಲಿಕ್‌ನ ಅನುಮತಿಯನ್ನು ಮಾತ್ರ ಶನಿವಾರದವರೆಗೆ ಬಿಡುವುದು ಬೇಡ, ಅದಕ್ಕೆ ಒಂದೇ ಸಾಲು ಸಾಕು, ಈಗ ಬರೆದು ಕೊಡ್ತೇನೆ. ಇವತ್ತು ಕಚೇರಿ ಮುಚ್ಚುವ ಮೊದಲು ಓಡಿಸಲಿಕ್ಕೆ ಹೇಳಿ.